ಹಿತ್ತಲಲ್ಲಿ ಆಲೂಗಡ್ಡೆ

ಪಲ್ಯಕ್ಕೆ, ಸಾಗುಗೆ, ಹುಳಿಗೆ ಆಲೂಗಡ್ಡೆ ಬೇಕು. ಕೆಲವು ಕಡೆ ಇದಕ್ಕೆ ಬಟಾಟೆ ಅಂತಾರೆ. ಹಾಸನದ ಕಡೆ ಮೇ-ಜೂನ್ ತಿಂಗಳಲ್ಲಿ, ಮಳೆ ಬಿದ್ದ ಮೇಲೆ, ಹೊಲದಲ್ಲಿ ನೆಡ್ತಾರೆ. ನಾವೂ ಹಿತ್ತಲಲ್ಲಿ 4 ಸಾಲು ಹಾಕೋಣ. ಮಣ್ಣು ಸಡಿಲವಾಗಿರಬೇಕು. ನೀರು ನಿಲ್ಲಬಾರದು.

ರೋಗವಿಲ್ಲದ ಬಿತ್ತನೆ ಗಡ್ಡೆ ಆರಿಸೋಣ. ಗಡ್ಡೆಯ ಮೇಲೆ ಸಣ್ಣ ಗುಳಿಗಳಿವೆ. ಅವೇ ಕಣ್ಣು. ಮೊಳಕೆ ಬರೋದು ಕಣ್ಣಿನಿಂದ. ಸಣ್ಣ ಗಡ್ಡೆಯನ್ನು ಇಡಿಯಾಗಿ ನೆಡೋಣ. ದೊಡ್ಡದನ್ನು ಹೋಳು ಮಾಡೋಣ. ಒಂದೊಂದು ಹೋಳಲ್ಲೂ 2 ಕಣ್ಣು ಇರಲಿ. ಹೋಳು ನೆರಳಲ್ಲಿ ಆರಲಿ. ಹಸಿ ಹೋಳು ಮಣ್ಣಲ್ಲಿ ಬೇಗ ಕೊಳೆಯುತ್ತೆ.

ಕಳಿತ ಕೊಟ್ಟಿಗೆ ಗೊಬ್ಬರ ಹಾಕೋಣ. ಗೇಣಿಗೆ ಒಂದರಂತೆ, 4 ಬೆರಳು ಆಳಕ್ಕೆ ನೆಡೋಣ. ಸಾಲಿನ ನಡುವೆ 2 ಅಡಿ ಬಿಡೋಣ.

ಗಿಡ ಗೇಣುದ್ದ ಬೆಳೆದಾಗ ಬುಡಕ್ಕೆ ಮಣ್ಣು ಏರಿಸಬೇಕು. ಇದನ್ನು ಮರೀಬಾರದು. ಯಾಕೆ? ಬಿಸಿಲು ಬಿದ್ದರೆ ಗಡ್ಡೆ ಹಸಿರಾಗುತ್ತೆ. ಹಸಿರಾದ ಗಡ್ಡೆಯಲ್ಲಿ ವಿಷ ಹೆಚ್ಚುತ್ತೆ. ತಿಂದರೆ ವಾಂತಿ, ಭೇದಿ, ಹೊಟ್ಟೆನೋವು ಬರಬಹುದು. ಬೇಯಿಸಿದರೂ ಆ ವಿಷ ಹೋಗೋದಿಲ್ಲ. ದಂಡವಾಗುತ್ತೆ ಅಂತ ಅದನ್ನು ಮಕ್ಕಳಿಗೆ ಬಡಿಸಬಾರದು. ಗಿಡದ ಎಲೆಯಲ್ಲೂ ವಿಷ ಇದೆ. ಅದನ್ನು ಸೊಪ್ಪಿನಂತೆ ಅಡುಗೆಗೆ ಬಳಸಬಾರದು.

ಸುಮಾರು 3 ತಿಂಗಳಿಗೆ ಎಲೆ ಹಳದಿಯಾಗುತ್ತೆ. ಆಗ ನೀರು ನಿಲ್ಲಿಸಿ, 10 ದಿನ ಬಿಟ್ಟು ಗಡ್ಡೆ ಅಗೆಯೋಣ. ಗುದ್ದಲಿ ತಾಗಿದ ಗಡ್ಡೆ ಬೇಗ ಕೊಳೆಯುತ್ತೆ. ಅದನ್ನು ಮೊದಲು ಅಡುಗೆಗೆ ಬಳಸೋಣ. ಉಳಿದದ್ದನ್ನು ಬುಟ್ಟಿಯಲ್ಲಿ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಇಡೋಣ.

ನೆನಪಿಡೋಣ: ಬೆಳೆಯುವಾಗಲೂ, ಕೂಡಿಡುವಾಗಲೂ ಆಲೂಗಡ್ಡೆಗೆ ಬೆಳಕು ಬೀಳಬಾರದು.