ಹಿತ್ತಲಿನ ಮುದಿಮರ

ಠಾಣೆಯ ನೌಪಾಡಾದ ಹಳೆಯ ಮನೆಗಳ ಆವರಣದಲ್ಲಿಯೂ, ಡೊಂಬಿವಲಿ ಕಲ್ಯಾಣಗಳ ಚಾಳುಗಳ ಹಿಂದೆಯೂ, ಸುತ್ತಲಿನ ಕಟ್ಟಡಗಳು ಏಳುವುದಕ್ಕೆ ಎಷ್ಟೋ ಮೊದಲು ಬೇರೂರಿದ ಮಾವು, ಹಲಸು, ಮಳೆಮರಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಜೂನ್ ತಿಂಗಳ ಮೊದಲ ಬಿರುಗಾಳಿಗೆ ಅವುಗಳ ಕೊಂಬೆಗಳು ತೂಗಾಡತೊಡಗಿದಾಗ, ಕಾಂಡದಲ್ಲೊಂದು ಪೊಟರೆ ಕಂಡರೆ ಸಾಕು, ಮನೆಯವರ ಮನಸ್ಸು ಕೊಡಲಿಯತ್ತ ತಿರುಗುತ್ತದೆ. ಈ ಭಯವು ಸಹಜವಾದುದಾದರೂ, ಅಂಜಬೇಕಾದುದನ್ನು ಬಿಟ್ಟು ಬೇರೊಂದಕ್ಕೆ ಅಂಜಿದಂತೆ ಎಂದು ನಾನು ಭಾವಿಸುತ್ತೇನೆ.

ಕಾಂಡದಲ್ಲಿ ಸಜೀವವಾದುದು ತೊಗಟೆಗೆ ಸಮೀಪದ ಹೊರವಲಯವಷ್ಟೆ; ಒಳಗಣ ಕೆಚ್ಚು ಎಂದೋ ನಿರ್ಜೀವವಾದುದು. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿಯು ಸಾವಿರಾರು ಕಾಂಡಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ ಕಂಡುಕೊಂಡ ತತ್ತ್ವವೆಂದರೆ, ನಮ್ಮ ದೇಹದಂತೆ ಮರವು ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಭಾಗಕ್ಕೆ ಒಳಗಿಂದೊಳಗೆ ಗೋಡೆ ಕಟ್ಟಿ, ಅದರ ಹೊರಗೆ ಹೊಸ ಮರವನ್ನು ಬೆಳೆದುಕೊಳ್ಳುತ್ತದೆ ಎಂಬುದು. ಹೀಗೆ ಟೊಳ್ಳಾದ ಕಾಂಡವು ನಾವೆಣಿಸುವಷ್ಟು ದುರ್ಬಲವಲ್ಲವೆಂಬುದಕ್ಕೆ ಬಿದಿರೇ ಸಾಕ್ಷಿ. ಟೊಳ್ಳಿನ ವ್ಯಾಸವು ಕಾಂಡದ ವ್ಯಾಸದಲ್ಲಿ ಅರ್ಧದಷ್ಟಿದ್ದರೆ, ಬಾಗುವಿಕೆಯನ್ನು ತಡೆಯುವ ಬಲದಲ್ಲಿ ಕಡಿಮೆಯಾಗುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ನೂರಕ್ಕೆ 70ರಷ್ಟಾದರೆ ಸುಮಾರು ಕಾಲು ಪಾಲು. ಅಲ್ಲಿಂದಾಚೆಗೆ ಬಲವು ಬೇಗಬೇಗನೆ ಕುಸಿಯುತ್ತದೆ. ಉಳಿದ ಗಟ್ಟಿಮರದ ದಪ್ಪವು ತ್ರಿಜ್ಯದ ಮೂರನೆಯ ಒಂದು ಪಾಲಿಗಿಂತ ಕಡಿಮೆಯಾಗಬಾರದೆಂದು ಜರ್ಮನಿಯ ವಿಜ್ಞಾನಿ ಕ್ಲಾಸ್ ಮ್ಯಾಟೆಕ್ ಸ್ಥೂಲವಾಗಿ ಹೇಳಿದುದು ಈ ಕಾರಣದಿಂದಲೇ. ಪೊಟರೆಯ ಬಾಯಿ ಅಗಲವಾಗಿ ತೆರೆದಿದ್ದಲ್ಲಿ ಮಾತ್ರ ಈ ಲೆಕ್ಕವನ್ನು ನಂಬಲಾಗದು. ಮರದ ಕೊಡತಿಯಿಂದ ಕಾಂಡವನ್ನು ಸುತ್ತಲೂ ತಟ್ಟುತ್ತ ಬಂದರೆ, ಗೋಡೆ ತೆಳುವಾದೆಡೆ ನಾದವು ಬದಲಾಗುವುದನ್ನು ಸಾಮಾನ್ಯರೂ ಗುರುತಿಸಬಲ್ಲರು.

ನಿಜವಾದ ಅಪಾಯವಿರುವುದು ಕಣ್ಣಿಗೆ ಕಾಣದ ಬೇರಿನಲ್ಲಿ. ನಮ್ಮ ಊರುಗಳಲ್ಲಿ ಆವರಣವನ್ನು ಚೊಕ್ಕಟಗೊಳಿಸುವ ಉತ್ಸಾಹದಲ್ಲಿ ಬುಡದವರೆಗೂ ಕಾಂಕ್ರೀಟು ಸುರಿಯುತ್ತಾರೆ. ನೀರಿನ ಕೊಳವೆಗೂ ಚರಂಡಿಗೂ ಅಗೆಯುವಾಗ ಮರವನ್ನು ಹಿಡಿದು ನಿಲ್ಲಿಸಿದ ದಪ್ಪಬೇರುಗಳನ್ನೇ ಕಡಿದೊಗೆಯುತ್ತಾರೆ. ಕೊಂಬೆಗಳನ್ನು ಕಟ್ಟಡದ ಪಕ್ಕದಲ್ಲಿ ಮಾತ್ರ ಸವರಿ, ಭಾರವೆಲ್ಲ ಒಂದೇ ಕಡೆಗೆ ವಾಲುವಂತೆ ಮಾಡುತ್ತಾರೆ. ಉಸಿರಿಗೆ ಗಾಳಿಯಿಲ್ಲದ, ಕತ್ತರಿಸಿದ ತುದಿಗಳಿಂದ ಶಿಲೀಂಧ್ರ ಹೊಕ್ಕ ಬೇರುಗಳು ಸದ್ದಿಲ್ಲದೆ ಕೊಳೆಯುತ್ತವೆ. ಆದರೂ ಉಳಿದ ಸಣ್ಣ ಬೇರುಗಳು ನೀರುಣಿಸುವಷ್ಟು ಕಾಲ ಎಲೆಗಳು ಹಸಿರಾಗಿಯೇ ಇರುವುದರಿಂದ, ಆರೋಗ್ಯವಂತವಾಗಿ ಕಾಣುವ ಮರವು ಸುರಕ್ಷಿತವೆಂದು ತಿಳಿಯುವುದು ಬಹು ದೊಡ್ಡ ಪ್ರಮಾದ. ಮಳೆನೀರಿಗೆ ಮಣ್ಣು ಮೆತ್ತಗಾದ ರಾತ್ರಿಯಲ್ಲಿ ಹಚ್ಚಹಸಿರಿನ ಗುಲ್‌ಮೊಹರ್ ಬುಡಸಮೇತ ಉರುಳುವುದು ಹೀಗೆ.

ಆದುದರಿಂದ ಮೊದಲು ಬುಡವನ್ನು ನೋಡಬೇಕು. ಬೀಸಣಿಗೆಯಂತೆ ಹರಡಿದ ಗಟ್ಟಿಯಾದ ಅಣಬೆ ಅಲ್ಲಿದೆಯೆ? ವಾಲಿದ ದಿಕ್ಕಿನ ಹಿಂಬದಿಯಲ್ಲಿ ನೆಲವು ಉಬ್ಬಿ ಬಿರುಕು ಬಿಟ್ಟಿದೆಯೆ? ಹಲವು ವರ್ಷಗಳಿಂದ ವಾಲಿಯೇ ಬೆಳೆದ ಮರವು ಅದಕ್ಕೆ ತಕ್ಕಂತೆ ಬೇರನ್ನು ಬಲಪಡಿಸಿಕೊಂಡಿರಬಹುದು. ಈ ವರ್ಷ ಹೊಸದಾಗಿ ವಾಲಿದುದಕ್ಕೆ ಅಂಜಬೇಕು, ಅದರ ಕೆಳಗೆ ಯಾರನ್ನೂ ನಿಲ್ಲಗೊಡಬಾರದು. ಕಡಿಯುವುದು ಅನಿವಾರ್ಯವೆಂದು ತೋರಿದರೂ, 1975ರ ಮಹಾರಾಷ್ಟ್ರ ವೃಕ್ಷಸಂರಕ್ಷಣಾ ಕಾಯಿದೆಯ ಮೇರೆಗೆ ನಗರಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿಯಿಲ್ಲದೆ ಸ್ವಂತ ಹಿತ್ತಲಿನ ಮರಕ್ಕೂ ಕೊಡಲಿ ಹಾಕುವಂತಿಲ್ಲ.

ಠಾಣೆಯಲ್ಲಾಗಲಿ ನವಿ ಮುಂಬಯಿಯಲ್ಲಾಗಲಿ ಹಳೆಯ ಮರವೊಂದರ ನೆರಳಿನಲ್ಲಿರುವ ಓದುಗರು, ಬರುವ ಮಳೆಗಾಲಕ್ಕೆ ಮುನ್ನ, ಬೇರಿಗೆ ಪೆಟ್ಟಾಗದಂತೆ ಅದರ ಬುಡದ ಸುತ್ತ ಒಂದು ಮೀಟರಿನಷ್ಟಾದರೂ ಕಾಂಕ್ರೀಟನ್ನು ಒಡೆಸಿ ತೆಗೆಸಬೇಕೆಂದು ನನ್ನ ಪ್ರಾರ್ಥನೆ.