ತಲಪರಿಗೆಯ ನೀರು, ಇಂದಿನ ಕಸುಬು

ದಾರಿಹೋಕರಿಗೆ ಅರವಟ್ಟಿಗೆ ಇಡಿಸುವುದನ್ನು ಪುಣ್ಯವೆಂದು ಬಗೆದ ನಾಡು ನಮ್ಮದು. ಅಂತಹ ನಾಡಿನಲ್ಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗರು ಇಂದು ನಾಣ್ಯ ಹಾಕಿ ಕ್ಯಾನಿಗೆ ನೀರು ತುಂಬಿಸಿಕೊಳ್ಳುತ್ತಾರೆ. ನೀರು ಉದ್ಯಮವಾಗಿರುವುದು ನಿಜವಷ್ಟೆ. ಆ ಉದ್ಯಮ ನೀರನ್ನು ಮುಗಿಸುವುದೊ ಉಳಿಸುವುದೊ ಎಂಬುದು ಯೋಚಿಸಬೇಕಾದ ಮಾತು.

ಈ ಸೀಮೆಗೆ ತನ್ನದೇ ಆದ ಒಂದು ಜಲಸಂಪತ್ತುಂಟು. ಅದರ ಹೆಸರು ತಲಪರಿಗೆ. ಶಾಸನಗಳ ಸಂಪಾದಕರಾಗಿ ನಮಗೆ ಪರಿಚಿತರಾದ ಬಿ. ಎಲ್. ರೈಸ್ ಅವರು 1897ರ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ವಿವರಿಸಿದ್ದಾರೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳತ್ತ ಗೆರೆಯೆಳೆದರೆ ಅದರ ಪೂರ್ವಕ್ಕೆ ಈ ಒರತೆಗಳು ಹಬ್ಬಿದ್ದವು. ದಕ್ಷಿಣದ ಮರಳುನೆಲದಲ್ಲಿ ನೀರು ಮೇಲುಮೇಲೆಯೇ ಸಿಕ್ಕುತ್ತಿತ್ತು. ಪಾವಗಡದಲ್ಲಿ ಮಾತ್ರ ಮೆದುವಾದ ಕಲ್ಲಿನ ಪದರವನ್ನು ಕಡಿಯಬೇಕಾಗಿತ್ತು.

ಇದರ ಮರ್ಮ ಸರಳವಾದುದು. ಮಳೆನೀರು ಮರಳಿನ ಪದರಗಳಲ್ಲಿ ಇಂಗಿ, ಗಟ್ಟಿ ಬಂಡೆಯನ್ನು ಮುಟ್ಟಿ, ಇಳಿಜಾರಿನತ್ತ ಮೆಲ್ಲನೆ ಸರಿಯುತ್ತದೆ. ಕೆರೆಯಂಗಳದಲ್ಲೊ ಹಳ್ಳದ ದಂಡೆಯಲ್ಲೊ ಅದಕ್ಕೊಂದು ಬಾಯಿ ತೆರೆದು ಕಾಲುವೆ ತೋಡಿದರೆ ನೀರು ತಾನಾಗಿಯೇ ಗದ್ದೆಗೆ ಹರಿಯುತ್ತದೆ. ರೈತರು ಸರದಿಯಂತೆ ನೀರು ಹಾಯಿಸಿಕೊಂಡರು. ಒಟ್ಟುಗೂಡಿ ಹೂಳು ತೆಗೆದರು. ಕೆರೆ ಬತ್ತಿದಾಗಲೂ ತಲಪರಿಗೆ ಕೈಬಿಡುತ್ತಿರಲಿಲ್ಲ.

ಕೊಳವೆಬಾವಿ ಬಂದ ಮೇಲೆ ಈ ಕ್ರಮ ಕೆಟ್ಟಿತು. ಒಬ್ಬೊಬ್ಬನ ಪಂಪು ಎಲ್ಲರ ಒರತೆಯನ್ನು ಹೀರಿತು. ಮರಳು ಲಾರಿಯೇರಿ ಹೋಯಿತು. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. ಕೇಡು ಅಷ್ಟಕ್ಕೆ ನಿಲ್ಲಲಿಲ್ಲ. ಆಳದ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲನ್ನು ಕಂದಿಸುತ್ತದೆ. ಅದು ಇನ್ನೂ ಹೆಚ್ಚಾಗಿ ಬಹುಕಾಲ ಒಳಸೇರಿದರೆ ಮೂಳೆಯನ್ನು ಬಾಗಿಸುತ್ತದೆ. ಪಾವಗಡದ ಜನ ಈ ಬಾಧೆಯನ್ನು ತಲೆಮಾರಿನಿಂದ ಬಲ್ಲರು.

ಇದಕ್ಕೆ ಪರಿಹಾರವಾಗಿ ಶುದ್ಧ ನೀರಿನ ಘಟಕಗಳು ಬಂದಿವೆ. ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಈ ಯಂತ್ರಗಳು ಉಪಕಾರವನ್ನೇ ಮಾಡುತ್ತಿವೆ. ಆದರೆ ಒಳಸೇರಿದ ನೀರಿನ ದೊಡ್ಡ ಪಾಲು ಉಪ್ಪು, ಫ್ಲೋರೈಡುಗಳನ್ನು ಹೊತ್ತು ಚರಂಡಿಗೆ ಹೋಗುತ್ತದೆ. ಪೊರೆ ಬದಲಿಸುವವರಿಲ್ಲದೆ ಹೋದರೆ ಯಂತ್ರ ಬರಿಯ ಕಬ್ಬಿಣವಾಗುತ್ತದೆ.

ನಮ್ಮ ತರುಣರಿಗೆ ಕಸುಬು ಇರುವುದು ಇಲ್ಲಿಯೇ. ಊರೂರಿನ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಗೋಡೆಯ ಮೇಲೆ ಬರೆಯುವುದು, ಘಟಕಗಳನ್ನು ದುರಸ್ತಿಯಲ್ಲಿಡುವುದು, ಚಾವಣಿಯ ಮಳೆನೀರಿಗೆ ಶೋಧಕ ಮತ್ತು ತೊಟ್ಟಿ ಅಳವಡಿಸುವುದು, ಹನಿ ನೀರಾವರಿಯ ಕೊಳವೆ ಹಾಸುವುದು. ಎಲ್ಲಕ್ಕೂ ಮಿಗಿಲಾಗಿ, ಹೂತುಹೋದ ತಲಪರಿಗೆಗಳನ್ನು ಹಿರಿಯರಿಂದ ಕೇಳಿ ನಕ್ಷೆಗಿಳಿಸಿ, ಹೂಳೆತ್ತಿ ಎಬ್ಬಿಸುವುದು. ಇವು ದೊಡ್ಡ ಬಂಡವಾಳ ಬೇಡದ, ಊರು ಬಿಡಿಸದ ಕೆಲಸಗಳು.

ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಉದ್ಯಾನ ಎದ್ದಿದೆ. ನಾವು ಶಪಿಸುತ್ತಿದ್ದ ಬಿಸಿಲಿಗೇ ಬೆಲೆ ಬಂದಿತು. ಆದರೆ ಬಿಸಿಲು ನಾಳೆಯೂ ಅಷ್ಟೇ ಬರುತ್ತದೆ, ಅಂತರ್ಜಲ ಹಾಗಲ್ಲ. ಇಂಗಿದುದಕ್ಕಿಂತ ಹೆಚ್ಚು ತೆಗೆಯುವವನದು ವ್ಯಾಪಾರವಲ್ಲ, ಮೊಮ್ಮಕ್ಕಳ ಗಂಟಿಗೆ ಕೈಹಾಕಿದಂತೆ. ಲಾಭದ ಲೆಕ್ಕ ಬರೆಯುವ ಮುನ್ನ ಒರತೆಯ ಲೆಕ್ಕ ಬರೆಯುವವನೇ ಈ ಸೀಮೆಯ ನಿಜವಾದ ಉದ್ಯಮಿ.