ನಿದ್ದೆಯಲ್ಲಿ ಉಸಿರು ಕಾಯುವ ಯಂತ್ರ: ಆಯ್ಕೆ, ಶುಚಿ, ಬದಲಾವಣೆ

ಈ ವಿಷಯದ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಿವೃತ್ತ ಶಿಕ್ಷಕರೊಬ್ಬರು ತಮ್ಮ ಮನೆಯ ಯಂತ್ರವನ್ನು ಸ್ಟುಡಿಯೋಗೆ ತಂದಿದ್ದರು. ಎರಡು ವರ್ಷ ಬಳಸಿ, ‘ಇದರಿಂದ ಉಪಯೋಗವಿಲ್ಲ’ ಎಂದು ಬೀರುವಿನಲ್ಲಿಟ್ಟಿದ್ದ ಯಂತ್ರವದು. ಅದರ ಹಿಂಬದಿಯ ಸಣ್ಣ ಮುಚ್ಚಳ ತೆಗೆದಾಗ, ಬೆಂಕಿಪೆಟ್ಟಿಗೆಯಷ್ಟು ಅಗಲದ ಬಿಳಿಯ ಫಿಲ್ಟರ್ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ‘ಅಲ್ಲೊಂದು ಫಿಲ್ಟರ್ ಇದೆಯೆಂದೇ ನನಗೆ ಗೊತ್ತಿರಲಿಲ್ಲ’ ಎಂದರು ಮೇಷ್ಟ್ರು. ಮಾಸ್ಕಿನ ಅಂಚು ಗಟ್ಟಿಯಾಗಿ ಗಾಳಿ ಸೋರುತ್ತಿತ್ತು. ನೀರಿನ ಡಬ್ಬಿಯಲ್ಲಿ ಸುಣ್ಣ ಕಟ್ಟಿತ್ತು. ಮೋಟಾರು ಚೆನ್ನಾಗಿಯೇ ಓಡುತ್ತಿತ್ತು. ಕೆಟ್ಟಿದ್ದದ್ದು ಅದರ ಸುತ್ತಲಿನ ಸಣ್ಣಪುಟ್ಟ ಭಾಗಗಳು ಮಾತ್ರ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ತಂದೆಯೋ ಅಜ್ಜಿಯೋ ಇಂಥ ಯಂತ್ರ ಬಳಸುತ್ತಿರಬಹುದು. ಅದರ ತತ್ತ್ವ ತಿಳಿದರೆ ಯಾವುದನ್ನು ಕೊಳ್ಳಬೇಕು, ಹೇಗೆ ತೊಳೆಯಬೇಕು, ಯಾವಾಗ ಬದಲಿಸಬೇಕು ಎಂಬುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಗೊರಕೆಯ ನಡುವಿನ ಮೌನ

ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡು ನಾವು ‘ಕುಂಭಕರ್ಣ’ ಎಂದು ನಗುತ್ತೇವೆ. ಆದರೆ ಗೊರಕೆ ತಟ್ಟನೆ ನಿಂತು, ಕೋಣೆ ಕ್ಷಣಕಾಲ ನಿಶ್ಶಬ್ದವಾಗಿ, ಆಮೇಲೆ ಆ ವ್ಯಕ್ತಿ ಬೆಚ್ಚಿದಂತೆ ಉಸಿರೆಳೆದುಕೊಂಡರೆ ಅದು ನಗುವ ಸಂಗತಿಯಲ್ಲ. ಪೇಪರ್ ಸ್ಟ್ರಾದಲ್ಲಿ ಎಳನೀರು ಹೀರುವಾಗ ಸ್ಟ್ರಾ ನೆನೆದು ಮೆತ್ತಗಾದರೆ ಅದರ ಗೋಡೆಗಳು ಒಳಕ್ಕೆ ಕುಸಿದು ಅಂಟಿಕೊಳ್ಳುತ್ತವೆಯಲ್ಲವೆ? ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾದಾಗ ಕೆಲವರ ಗಂಟಲಿನಲ್ಲಿ ಆಗುವುದೂ ಅದೇ. ನಾಲಿಗೆಯ ಬುಡ ಮತ್ತು ಮೃದು ಅಂಗುಳ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಇದೇ ಸ್ಲೀಪ್ ಆಪ್ನಿಯಾ.

ವಯಸ್ಕರಲ್ಲಿ ಉಸಿರು 10 ಸೆಕೆಂಡು ಅಥವಾ ಹೆಚ್ಚು ಕಾಲ ನಿಂತರೆ ಅದನ್ನು ಒಂದು ತಡೆ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಬಹಳ ಕಡಿಮೆಯಾಗುವುದನ್ನೂ ಇದರೊಂದಿಗೆ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ರಿಂದ 15ರವರೆಗೆ ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಬಾರಿಯೂ ರಕ್ತದ ಆಮ್ಲಜನಕ ಇಳಿಯುತ್ತದೆ. ಮಿದುಳು ಅರೆಕ್ಷಣ ಎಚ್ಚರಗೊಂಡು ಗಂಟಲನ್ನು ತೆರೆಸುತ್ತದೆ. ರಾತ್ರಿಯೆಲ್ಲ ಹೀಗಾದವರು ಹಗಲಲ್ಲಿ ತೂಕಡಿಸುತ್ತಾರೆ. ರಕ್ತದೊತ್ತಡ ಏರುವ, ವಾಹನ ಓಡಿಸುವಾಗ ಕಣ್ಣು ಮುಚ್ಚಿಹೋಗುವ ಅಪಾಯವೂ ಉಂಟು.

ನೀರಿನ ಲೋಟದಲ್ಲಿ ಒಂದು ಪ್ರಯೋಗ

1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲಿವನ್ ಅವರು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಹೀರುವುದಕ್ಕೆ ಬದಲಾಗಿ ಊದುವುದಕ್ಕೆ ಬಳಸಿ, ಆ ಗಾಳಿಯನ್ನು ರೋಗಿಯ ಮೂಗಿಗೆ ಹಾಯಿಸಿದರು. ಫಲಿತಾಂಶ 1981ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ ತೀವ್ರ ರೋಗಿಗಳಿಗಿದ್ದ ಮುಖ್ಯ ದಾರಿ ಕತ್ತಿನಲ್ಲಿ ರಂಧ್ರ ಮಾಡುವ ಶಸ್ತ್ರಕ್ರಿಯೆ. ಇಂದಿನ ‘ಸಿಪ್ಯಾಪ್’ ಯಂತ್ರ ಸಲಿವನ್ನರ ಅದೇ ಯೋಚನೆಯ ಸುಧಾರಿತ ರೂಪ. ಅದು ಆಮ್ಲಜನಕದ ಸಿಲಿಂಡರಲ್ಲ. ಉಸಿರಾಡಿಸುವ ವೆಂಟಿಲೇಟರೂ ಅಲ್ಲ. ಕೋಣೆಯ ಗಾಳಿಯನ್ನೇ ತುಸು ಒತ್ತಡದಲ್ಲಿ ಊದಿ, ಗಂಟಲಿನ ಗೋಡೆಗಳು ಕುಸಿಯದಂತೆ ಒಳಗಿನಿಂದ ಆನಿಕೆ ಕೊಡುತ್ತದೆ.

ಎಷ್ಟು ಒತ್ತಡ? ಎತ್ತರದ ಲೋಟದಲ್ಲಿ ನೀರು ತುಂಬಿ ಸ್ಟ್ರಾವನ್ನು 10 ಸೆಂಟಿಮೀಟರ್ ಆಳಕ್ಕೆ ಅದ್ದಿ ಊದಿರಿ. ತುದಿಯಲ್ಲಿ ಗುಳ್ಳೆ ಹೊರಡುವ ಹೊತ್ತಿಗೆ ನೀವು ಹಾಕಿರುವ ಒತ್ತಡ ‘10 ಸೆಂಟಿಮೀಟರ್ ನೀರು’. ಇದು ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲು ಮಾತ್ರ. ಸಾಮಾನ್ಯ ಸಿಪ್ಯಾಪ್ ಯಂತ್ರಗಳು 4ರಿಂದ 20 ಸೆಂಟಿಮೀಟರ್‌ವರೆಗೆ ಊದುತ್ತವೆ. ಇಷ್ಟು ಅಲ್ಪ ಒತ್ತಡ ಮಾಸ್ಕಿನ ಅಂಚಿನಲ್ಲಿ ಸೋರಿಹೋದರೆ ಗಂಟಲಿಗೆ ಆನಿಕೆಯೂ ಇಲ್ಲ. ಆದ್ದರಿಂದ ಮುಂದೆ ಹೇಳುವುದೆಲ್ಲ ಎರಡೇ ಮಾತಿಗೆ ಸಂಬಂಧಿಸಿದ್ದು: ಒತ್ತಡ ಸೋರಬಾರದು, ಗಾಳಿ ಶುದ್ಧವಾಗಿರಬೇಕು.

ಆಯ್ಕೆ

ಮೊದಲು ನಿದ್ರಾ ಪರೀಕ್ಷೆ, ಆಮೇಲೆ ಯಂತ್ರ. ಒತ್ತಡವನ್ನು ವೈದ್ಯರು ನಿರ್ಧರಿಸಬೇಕು. ಒಂದೇ ಒತ್ತಡದ ಯಂತ್ರಗಳೂ, ಉಸಿರಿನ ತಡೆ ನೋಡಿಕೊಂಡು ತಾವೇ ಒತ್ತಡ ಹೊಂದಿಸಿಕೊಳ್ಳುವ ಯಂತ್ರಗಳೂ ಇವೆ. ರಾತ್ರಿ ಎಷ್ಟು ಗಂಟೆ ಬಳಸಲಾಯಿತು, ಎಷ್ಟು ಸೋರಿತು, ಎಷ್ಟು ತಡೆ ಉಳಿಯಿತು ಎಂದು ದಾಖಲಿಸುವ ಯಂತ್ರ ಉತ್ತಮ. ಅದು ವೈದ್ಯರಿಗೆ ದಾರಿ ತೋರಿಸುತ್ತದೆ.

ಯಂತ್ರಕ್ಕಿಂತ ಹೆಚ್ಚು ಗಮನ ಬೇಡುವುದು ಮಾಸ್ಕ್. ಇದರಲ್ಲಿ ಮೂರು ಬಗೆ: ಮೂಗನ್ನು ಮುಚ್ಚುವುದು, ಮೂಗಿನ ಹೊಳ್ಳೆಗಳಿಗೆ ಆತುಕೊಳ್ಳುವ ಪುಟ್ಟ ದಿಂಬಿನಂಥದ್ದು, ಮೂಗು ಬಾಯಿ ಎರಡನ್ನೂ ಮುಚ್ಚುವುದು. ಮೂಗಿನಲ್ಲಿ ಉಸಿರಾಡುವವರಿಗೆ ಸಾಮಾನ್ಯವಾಗಿ ಮೊದಲ ಎರಡು ಸಾಕು. ಬಾಯಿ ತೆರೆದು ಮಲಗುವವರಿಗೆ ಮೂರನೆಯದು ಬೇಕಾಗಬಹುದು. ದಟ್ಟ ಮೀಸೆ ಗಡ್ಡಗಳಿದ್ದರೆ ಅಂಚಿನಲ್ಲಿ ಗಾಳಿ ಸೋರುವುದು ಹೆಚ್ಚು. ಅಂಥವರು ಹೊಳ್ಳೆಯ ದಿಂಬನ್ನು ಪ್ರಯತ್ನಿಸಬಹುದು. ಅಂಗಡಿಯಲ್ಲಿ ಕುಳಿತು ಮಾಸ್ಕ್ ಹಾಕಿ ನೋಡಿದರೆ ಸಾಲದು. ಮಲಗಿ, ಗಾಳಿ ಹಾಯಿಸಿ, ಮಗ್ಗುಲು ಬದಲಿಸಿ ನೋಡಬೇಕು. ಸೋರುತ್ತದೆಂದು ಪಟ್ಟಿಯನ್ನು ಬಿಗಿಯುತ್ತ ಹೋದರೆ ಮೂಗಿನ ಮೇಲೆ ಹುಣ್ಣಾಗುತ್ತದೆ. ಬಿಗಿಯುವುದಲ್ಲ, ಅಳತೆ ಸರಿಯಾಗಬೇಕು. ಪೇಸ್‌ಮೇಕರ್‌ನಂಥ ಸಾಧನ ಅಳವಡಿಸಿಕೊಂಡವರು ಅಯಸ್ಕಾಂತದ ಕೊಂಡಿಯಿರುವ ಮಾಸ್ಕ್ ಕೊಳ್ಳಬಾರದು.

ಮಾಸ್ಕಿನಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ದೋಷವಲ್ಲ, ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿ. ಅವನ್ನು ಎಂದೂ ಮುಚ್ಚಬಾರದು. ಇದೇ ಕಾರಣಕ್ಕೆ ವಿದ್ಯುತ್ ಹೋಗಿ ಯಂತ್ರ ನಿಂತರೆ ಮಾಸ್ಕ್ ತೆಗೆದುಬಿಡಬೇಕು. ಇನ್‌ವರ್ಟರ್ ಮೇಲೆ ನಡೆಸುವಾಗ ನೀರು ಕಾಯಿಸುವ ಭಾಗವನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಶುಚಿ

ಮೊದಲು ಪ್ಲಗ್ ಕಳಚಿ. ಪ್ರತಿ ಬೆಳಿಗ್ಗೆ ಮಾಸ್ಕಿನ ಮುಖಕ್ಕೆ ತಾಗುವ ಸಿಲಿಕೋನ್ ಭಾಗವನ್ನು ಸೌಮ್ಯ ಸಾಬೂನಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಬೇಕು. ಮುಖದ ಎಣ್ಣೆಯ ಜಿಡ್ಡೇ ಸಿಲಿಕೋನ್ ಜಾರುವುದಕ್ಕೂ ಹಾಳಾಗುವುದಕ್ಕೂ ಕಾರಣ. ವಾರಕ್ಕೊಮ್ಮೆ ಕೊಳವೆ, ತಲೆಪಟ್ಟಿ, ನೀರಿನ ಡಬ್ಬಿಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಡೆಟಾಲ್‌ನಂಥ ಕ್ರಿಮಿನಾಶಕ, ಸ್ಪಿರಿಟ್, ಬ್ಲೀಚ್ ಬೇಡ. ಅವುಗಳ ಆವಿ ರಾತ್ರಿಯೆಲ್ಲ ಶ್ವಾಸಕೋಶಕ್ಕೇ ಹೋಗುತ್ತದೆ.

ಗಾಳಿಗೆ ತೇವ ಸೇರಿಸುವ ಡಬ್ಬಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿರುವ ಲವಣಗಳು ಆವಿಯಾಗುವುದಿಲ್ಲ, ತಳದಲ್ಲಿ ಕಟ್ಟಿಕೊಳ್ಳುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಲವಣವೆಲ್ಲ ಹೋಗುವುದಿಲ್ಲ. ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿಬಿಡಬೇಕು. ಮಡಿಕೇರಿಯಂಥ ಊರಿನ ಚಳಿಯಲ್ಲಿ ಕೊಳವೆಯೊಳಗೆ ನೀರಹನಿ ಕಟ್ಟಿದರೆ ಕೊಳವೆಗೆ ಬಟ್ಟೆ ಸುತ್ತಿರಿ. ಯಂತ್ರ ಹಾಸಿಗೆಗಿಂತ ತಗ್ಗಿನಲ್ಲಿರಲಿ. ಸೊಳ್ಳೆಬತ್ತಿ, ಊದುಬತ್ತಿಗಳನ್ನು ಅದರ ಬಳಿ ಹಚ್ಚಬೇಡಿ; ಅದು ಹೀರುವುದು ಕೋಣೆಯ ಗಾಳಿಯನ್ನೇ.

ಓಝೋನ್ ಅನಿಲದಿಂದ ‘ತಾನಾಗಿ ಶುಚಿಗೊಳಿಸುವ’ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಇವುಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲೇ ಎಚ್ಚರಿಸಿತ್ತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಸಂಸ್ಥೆ ತನ್ನ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಪಾಲಿಯುರೆಥೇನ್ ಫೋಮ್ ಪುಡಿಯಾಗಿ ಗಾಳಿಯ ದಾರಿ ಸೇರಬಹುದೆಂಬುದೇ ಕಾರಣ. ಸೆಕೆಂಡ್‌ಹ್ಯಾಂಡ್ ಯಂತ್ರ ಅಗ್ಗವಾಗಿ ಸಿಕ್ಕಾಗ ಇದನ್ನು ನೆನಪಿಡಿ. ಮಾದರಿ ಮತ್ತು ಕ್ರಮಸಂಖ್ಯೆ ಪರೀಕ್ಷಿಸದೆ, ವೈದ್ಯರು ಒತ್ತಡ ಹೊಂದಿಸಿಕೊಡದೆ ಅದನ್ನು ಬಳಸಬಾರದು.

ಬದಲಾವಣೆ

ಅಮೆರಿಕದ ಮೆಡಿಕೇರ್ ವಿಮೆ ತಿಂಗಳಿಗೆ ಎರಡು ಬಿಸಾಡುವ ಫಿಲ್ಟರ್, ಮೂರು ತಿಂಗಳಿಗೊಮ್ಮೆ ಮಾಸ್ಕ್ ಮತ್ತು ಕೊಳವೆ, ಆರು ತಿಂಗಳಿಗೊಮ್ಮೆ ನೀರಿನ ಡಬ್ಬಿ, ಐದು ವರ್ಷಕ್ಕೊಮ್ಮೆ ಯಂತ್ರ ಬದಲಿಸಲು ಹಣ ಕೊಡುತ್ತದೆ. ಇದು ವಿಮೆಯ ಗರಿಷ್ಠ ಲೆಕ್ಕವೇ ಹೊರತು ಪ್ರಕೃತಿ ನಿಯಮವಲ್ಲ. ಕೈಯಿಂದ ಹಣ ಹಾಕುವ ನಮ್ಮ ಮನೆಗಳಲ್ಲಿ ಲಕ್ಷಣ ನೋಡಿ ಬದಲಿಸುವುದು ಜಾಣತನ. ಫಿಲ್ಟರ್ ಬಣ್ಣಗೆಟ್ಟರೆ, ಸಿಲಿಕೋನ್ ಗಟ್ಟಿಯಾದರೆ ಅಥವಾ ಹರಿದರೆ, ತಲೆಪಟ್ಟಿ ಹಿಗ್ಗಿದರೆ, ಕೊಳವೆಯಲ್ಲಿ ಬಿರುಕು ಕಂಡರೆ ಆ ಭಾಗದ ಆಯಸ್ಸು ಮುಗಿಯಿತು. ಬಿಸಾಡುವ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು. ಯಂತ್ರ ನಿಯಮಿತವಾಗಿ ಬಳಸಿದರೂ ಗೊರಕೆ, ತೂಕಡಿಕೆ ಮರಳಿದರೆ ಮೊದಲು ಸೋರಿಕೆ ನೋಡಿ, ಆಮೇಲೆ ವೈದ್ಯರ ಬಳಿಗೆ ಹೋಗಿ.

ಈ ಯಂತ್ರ ರೋಗವನ್ನು ವಾಸಿಮಾಡುವುದಿಲ್ಲ. ಹಾಕಿಕೊಂಡಷ್ಟು ಹೊತ್ತು ಮಾತ್ರ ಕಾಯುತ್ತದೆ. ಬೀರು ಸೇರಿದ ದಿನದಿಂದ ಉಸಿರು ಮತ್ತೆ ಕಟ್ಟತೊಡಗುತ್ತದೆ. ನಮ್ಮ ಮೇಷ್ಟ್ರಿಗೆ ಹೊಸ ಫಿಲ್ಟರ್, ಅಳತೆಗೆ ತಕ್ಕ ಮಾಸ್ಕ್ ಸಿಕ್ಕಿದ ಮೇಲೆ ಯಂತ್ರ ಮತ್ತೆ ಅವರ ಹಾಸಿಗೆಯ ಬದಿಗೆ ಬಂದಿದೆ. ತೊಳೆಯುವ ಹೊಣೆ ಈಗ ಅವರ ಕಾಲೇಜು ಓದುವ ಮೊಮ್ಮಗಳದು. ಫಿಲ್ಟರ್ ಬದಲಿಸಿದ ತಾರೀಕನ್ನು ಆಕೆ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ್ದಾಳೆ. ನಿಮ್ಮ ಮನೆಯಲ್ಲೂ ಯಂತ್ರವಿದ್ದರೆ ಇಂದೇ ಅದರ ಹಿಂಬದಿಯ ಮುಚ್ಚಳ ತೆಗೆದು ನೋಡಿ.